ಹಸಿರುಮನೆಯ ಹಾಲು

ಹಸಿರುಮನೆಯ ಬಾಗಿಲಲ್ಲಿ ಒಂದು ಬೋಗುಣಿ ಹಾಲು ಇರುತ್ತಿತ್ತು. ಒಳಗೆ ಹೋಗುವವರು ಯಾರೇ ಆಗಲಿ, ಅದರಲ್ಲಿ ಕೈ ಅದ್ದಿಯೇ ಹೋಗಬೇಕು. ತಂಬಾಕು ಮುಟ್ಟಿದ ಕೈಯಿಂದ, ರೋಗದ ಗಿಡ ಮುಟ್ಟಿದ ಕೈಯಿಂದ ಟೊಮ್ಯಾಟೊ ಬಳ್ಳಿಗೆ ನಂಜು ತಗಲುತ್ತದೆ. ಹಾಲು ಅದನ್ನು ತಡೆಯುತ್ತದೆ. ಆ ನಿಯಮ ಮಾಡಿದವನು ಅಲ್ಲಿನ ಮೇಲ್ವಿಚಾರಕನಾಗಿದ್ದ ನಾನೇ.

ಮಳೆಗಾಲದಲ್ಲಿ ಹೊಳೆ ಸೇತುವೆಯ ಮೇಲೆ ಹರಿದರೆ ನಮ್ಮ ಊರಿಗೆ ವಾರಗಟ್ಟಲೆ ತರಕಾರಿ ಲಾರಿ ಬರುತ್ತಿರಲಿಲ್ಲ. ಅದಕ್ಕೆಂದೇ ಊರವರು ಸೇರಿ ಹಸಿರುಮನೆ ಕಟ್ಟಿಸಿದ್ದರು. ಬಳ್ಳಿ ಕಟ್ಟುವುದರಲ್ಲಿ ಫಕೀರವ್ವನನ್ನು ಮೀರಿಸಿದವರಿರಲಿಲ್ಲ. ಮೂವತ್ತು ವರ್ಷ ತಂಬಾಕು ಜಗಿದವಳು. ಕೆಲಸಕ್ಕೆ ಸೇರಿದ ದಿನವೇ ಸೊಂಟದ ಚಂಚಿಯಲ್ಲಿದ್ದ ತಂಬಾಕು ಕೊಡವಿ, "ಸಾಕ್ರಿ, ಇನ್ನ ಮುಟ್ಟಂಗಿಲ್ಲ" ಎಂದಿದ್ದಳು. ಮೊದಲ ವಾರ ಅವಳ ಕೈ ನಡುಗುತ್ತಿತ್ತು. ನಡುಗುವ ಕೈಯನ್ನೇ ಹಾಲಿನಲ್ಲಿ ಅದ್ದಿ ಒಳಗೆ ಹೋಗುತ್ತಿದ್ದಳು.

ಆ ವರ್ಷ ಸೇತುವೆ ಮುಳುಗಿದ ಮೂರನೆಯ ವಾರ ಎಲೆಗಳ ಮೇಲೆ ಹಳದಿ ಮಚ್ಚೆ ಕಂಡವು. ಎಲೆ ಮುರುಟಿ, ಕಾಯಿ ಕಂದಿ, ಸಾಲಿಗೆ ಸಾಲೇ ಹೋಯಿತು. ಊರವರು ಬಾಗಿಲಲ್ಲಿ ನೆರೆದು, "ಯಾರಿಂದ ಬಂತಿದು?" ಎಂದು ಕೇಳಿದರು. ನನ್ನ ಕಣ್ಣು ಫಕೀರವ್ವನ ಚಂಚಿಯ ಮೇಲೆ ಬಿತ್ತು.

"ಅಡಿಕಿ ಅದಾವ್ರಿ, ಬರೇ ಅಡಿಕಿ" ಎಂದು ಅವಳು ಅದನ್ನು ಬೋರಲು ಹಾಕಿ ತೋರಿಸಿದಳು.

"ಮೂವತ್ತು ವರ್ಷದ ಚಟ ಅಷ್ಟು ಸುಲಭಕ್ಕ ಬಿಡ್ತದೇನು?" ಎಂದೆ ನಾನು.

ಅಷ್ಟು ಸಾಕಾಯಿತು. ಮರುದಿನದಿಂದ ಅವಳು ಬರಲಿಲ್ಲ. ಬಳ್ಳಿಗಳನ್ನೆಲ್ಲ ಕಿತ್ತು ಸುಟ್ಟೆವು. ನೀರು ಇಳಿಯುವವರೆಗೆ ಊರು ಬೇಳೆಕಟ್ಟು, ಉಪ್ಪಿನಕಾಯಿಯಲ್ಲಿ ದಿನ ದೂಡಿತು. ಮಕ್ಕಳ ತುಟಿಯಂಚು ಒಡೆದು ಹುಣ್ಣಾದವು.

ಮಳೆ ಹಿಂದಾದ ಮೇಲೆ ಒಂದು ಬೆಳಿಗ್ಗೆ ನನ್ನ ಹಿತ್ತಲಿಗೆ ಹೋದೆ. ಮೆಣಸಿನ ಗಿಡಗಳ ಎಲೆಗಳ ಮೇಲೂ ಅದೇ ಹಳದಿ ಮಚ್ಚೆ. ಆಗ ನೆನಪಾಯಿತು: ಸೇತುವೆ ಮುಳುಗಿದ ದಿನ, ಆಗಲೇ ಅಲ್ಲಲ್ಲಿ ಹಳದಿ ತಿರುಗಿದ್ದ ಆ ಗಿಡಗಳಿಗೆ ಕೋಲು ಕಟ್ಟುತ್ತಿದ್ದಾಗ, ಹಸಿರುಮನೆಯ ಹೊದಿಕೆ ಗಾಳಿಗೆ ಹರಿಯಿತೆಂದು ಯಾರೋ ಕೂಗಿದ್ದರು. ನಾನು ಓಡಿದ್ದೆ. ಕೈ ಅದ್ದದೆ ಬೋಗುಣಿಯನ್ನು ದಾಟಿಕೊಂಡೇ ಒಳಗೆ ನುಗ್ಗಿ, ಬಿದ್ದ ಬಳ್ಳಿಗಳನ್ನು ಸಂಜೆಯವರೆಗೆ ಬರಿಗೈಯಲ್ಲಿ ಎತ್ತಿ ಕಟ್ಟಿದ್ದೆ.

ಅದನ್ನು ಫಕೀರವ್ವನಿಗೆ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಸಂತೆಯ ಮೂಲೆಯಲ್ಲಿ ಸೊಪ್ಪು ಮಾರುತ್ತ ಕೂತಿದ್ದಳು. ದವಡೆಯಲ್ಲಿ ತಂಬಾಕು ಉಬ್ಬಿತ್ತು. ನಾನು ನೋಡಿದ್ದು ಅವಳಿಗೆ ತಿಳಿಯಿತು.

"ಬಿಟ್ರೂ ಬಿಟ್ಟಿಲ್ಲ ಅಂದ್ರಿ. ಮತ್ತ್ಯಾಕ ಬಿಡ್ಲಿ ಅಂತ ಹಿಡದೆ."

ನಡೆದದ್ದನ್ನೆಲ್ಲ ಹೇಳಿದೆ. ಅವಳು ಸೊಪ್ಪಿನ ಸಿವುಡು ಕಟ್ಟುತ್ತಲೇ ಕೇಳಿದಳು.

"ಇದನ್ನ ನನಗ್ಯಾಕ ಹೇಳ್ತೀರಿ? ನಾ ಮಾಡಿಲ್ಲಂತ ನನಗ ಗೊತ್ತಿತ್ತಲ್ಲ. ಊರಿಗೆ ಹೇಳ್ರಿ."

ಅಷ್ಟರಲ್ಲಿ ಸೊಪ್ಪು ಆರಿಸಲು ಬಂದ ನಮ್ಮೂರಿನ ಹೆಂಗಸೊಬ್ಬಳು ನನ್ನನ್ನು ಕಂಡಳು. "ಸಾಹೇಬ್ರ, ಈ ಸಲ ಟೊಮ್ಯಾಟೊಕ್ಕ ರೋಗ ಇಲ್ಲಲ್ರಿ?"

"ಇಲ್ಲ" ಎಂದೆ. "ಈ ಸಲ ಚಲೋ ಅದಾವ."

ಫಕೀರವ್ವ ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ತಂಬಿಗೆಗೆ ಕೈ ಹಾಕಿ, ಬಾಡುತ್ತಿದ್ದ ಸೊಪ್ಪಿನ ಮೇಲೆ ನೀರು ಚಿಮುಕಿಸತೊಡಗಿದಳು.