ಕೋಟಿನ ಬೆನ್ನು

“ಕೋಟನ್ನ ಗೋಡೆಗೆ ಆನಿಸಿ ನಿಲ್ಲಿಸ್ತೀರಿ ತಾನೆ?” ಹೊಲಿಗೆ ಮಾಸ್ತರ ಫೋನಿನಲ್ಲಿ ಮೂರನೇ ಸಲ ಕೇಳಿದ.

“ಇಲ್ಲ ಮಾಸ್ಟ್ರೇ, ಹಾಲ್ ನಡುಮಧ್ಯೆ. ಜನ ಸುತ್ತು ಹಾಕಿ ನೋಡ್ಬೇಕು. ಉಡುಪು, ಚಿತ್ರ, ಫೋಟೋ ಎಲ್ಲ ಸೇರಿ ನನಗಿಷ್ಟವಾದ ನಲವತ್ತು ಇಡ್ತಿದೀನಿ. ಅದ್ರಲ್ಲಿ ನಿಮ್ಮ ಕೋಟಿನ ಫೋಟೋನೇ ಮೊದಲನೇದು. ಸಂಜೆ ಕೋಟು ತನ್ನಿ.”

ಗ್ಯಾಲರಿಯ ಮೇಡಂ ಫೋನಿಟ್ಟಾಗ ಮಾಸ್ತರನ ಎದೆ ಹೊಡೆದುಕೊಂಡ ಸದ್ದಿಗೆ ಕಿಟಕಿಯ ಗಾಜು ಅದುರಿತು. ನಂಬದವರು ಅವನ ಹೆಂಡತಿಯನ್ನು ಕೇಳಬಹುದು. ಅಡುಗೆಮನೆಯಿಂದ ಅವಳು ಓಡಿ ಬಂದದ್ದೇ ಆ ಸದ್ದಿಗೆ.

ಅದೇನು ಸಾಮಾನ್ಯ ಕೋಟೇ? ಇಪ್ಪತ್ತೆರಡು ವರ್ಷದ ಹಿಂದೆ ಪತ್ರಿಕೆಯ ಮುಖಪುಟದಲ್ಲಿ ಬಂದಾಗ ಊರಿನ ಅರ್ಧ ಹೆಂಗಸರು ಊಟ ಬಿಟ್ಟಿದ್ದರು, ಇನ್ನರ್ಧ ಗಂಡಂದಿರ ಜೊತೆ ಮಾತು ಬಿಟ್ಟಿದ್ದರು. ಕಡುನೀಲಿ ಉಣ್ಣೆ, ಮಾಡೆಲ್ ಹುಡುಗಿಯ ಮೈಗೆ ಎರಡನೇ ಚರ್ಮದಂತೆ ಕೂತಿತ್ತು. “ಒಂದು ಪಿನ್ನಿಲ್ಲ, ಒಂದು ಕ್ಲಿಪ್ಪಿಲ್ಲ. ಬರೀ ಕತ್ತರಿ, ಬರೀ ಕಣ್ಣು!” ಎಂದು ಮಾಸ್ತರ ಅಂದಿನಿಂದ ಹೇಳಿಕೊಂಡು ಬಂದಿದ್ದ, ಕಡಿಮೆಯೆಂದರೆ ಒಂದು ಲಕ್ಷ ಸಲ. ಕೆಲಸ ಕಲಿಯಲು ಬಂದವರು ಪಿನ್ನು ಮುಟ್ಟಿದರೆ ಸಾಕು, “ಹೋಗು, ಪಂಕ್ಚರ್ ಅಂಗಡಿ ಸೇರ್ಕೋ” ಎಂದು ಓಡಿಸುತ್ತಿದ್ದ.

ನಿಜ ಬೇರೆಯೇ ಇತ್ತು. ಹುಡುಗಿ ಅಳತೆ ಕೊಡಲು ಬಂದ ದಿನ ಹಲ್ಲು ಕಟಕಟಿಸುವ ಚಳಿ. ದಪ್ಪ ಸ್ವೆಟರ್ ತೊಟ್ಟಿದ್ದಳು. ತೆಗಿ ಎನ್ನಲು ಸಂಕೋಚವಾಗಿ ಮಾಸ್ತರ ಅದರ ಮೇಲೇ ಟೇಪು ಸುತ್ತಿದ. ಕೋಟಿನೊಳಗೆ ಅವಳ ಜೊತೆ ಅವಳ ಅತ್ತೆ ನಾದಿನಿಯರೂ ಸಂಸಾರ ಹೂಡುವಷ್ಟು ಜಾಗವಾಯಿತು. ಆಗ ಫೋಟೋಗ್ರಾಫರ್ ಗೆಳೆಯ, ಕ್ಯಾಮೆರಾದ ಮೂರುಕಾಲಿನ ಸ್ಟ್ಯಾಂಡನ್ನು ಎಂದೂ ಬಿಟ್ಟಿರದಿದ್ದುದಕ್ಕೆ ‘ಮುಕ್ಕಾಲಿ’ ಎನಿಸಿಕೊಂಡವನು, ಬಟ್ಟೆ ಒಣಹಾಕುವ ಹಗ್ಗದಿಂದ ಹದಿನಾಲ್ಕು ಕ್ಲಿಪ್ಪು ಕಿತ್ತು ತಂದು, ಸಡಿಲವನ್ನೆಲ್ಲ ಬೆನ್ನ ಹಿಂದೆ ಹಿಡಿದು ಸಿಕ್ಕಿಸಿದ್ದ. ಮುಂಭಾಗದ ಫೋಟೋಗೆ ಬೆನ್ನಿನ ಹಂಗೇನು?

“ಇವತ್ತೇ ಹಿಂದೆ ಬಿಚ್ಚಿ ಹೊಲಿದುಬಿಡಿ” ಎಂದಳು ಈ ಗುಟ್ಟು ಬಲ್ಲ ಹೆಂಡತಿ.

“ಭುಜ ಜಾರುತ್ತೆ ಕಣೇ. ಮುಂಭಾಗ ಸತ್ತೇ ಹೋಗುತ್ತೆ.”

“ಬೆನ್ನು ಬಿಚ್ಚೋಕಾಗಲ್ಲ ಅಂದ್ರೆ ಬಾಯಿ ಬಿಚ್ಚಿ. ನಾಳೆ ನೂರು ಜನ ಕಂಡುಹಿಡಿಯೋಕಿಂತ ಇವತ್ತು ಒಬ್ಬರಿಗೆ ಹೇಳೋದು ವಾಸಿ.”

ಸಂಜೆ ಮಾಸ್ತರ ಕೋಟನ್ನು ಗ್ಯಾಲರಿಗೆ ಹೊತ್ತೊಯ್ದ. ಎರಡು ಕಿಲೋ ಬಟ್ಟೆ ಎರಡು ಟನ್ ತೂಗಿತು. ಮೇಜಿನ ಮೇಲಿಟ್ಟವನೇ ಉಸಿರು ತೆಗೆದುಕೊಳ್ಳದೆ ಸ್ವೆಟರು, ಚಳಿ, ಕ್ಲಿಪ್ಪು ಎಲ್ಲ ಒದರಿಬಿಟ್ಟ. “ಸುಳ್ಳು ಹೇಳಿದೀನಿ ತಾಯಿ, ಇಪ್ಪತ್ತೆರಡು ವರ್ಷ. ಪಟ್ಟಿಯಿಂದ ತೆಗೆದುಹಾಕಿ.”

ಮೇಡಂ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. “ಇಲ್ಲಿ ಬನ್ನಿ.”

ಗೋಡೆಯಲ್ಲಿ ಬಾಗಿಲಷ್ಟು ಎತ್ತರದ ಫೋಟೋ. ಮುಖಪುಟದ್ದಲ್ಲ. ಹಿಂದಿನಿಂದ ತೆಗೆದದ್ದು. ನೀಲಿ ಬೆನ್ನಿನ ಉದ್ದಕ್ಕೂ ಬೆನ್ನೆಲುಬಿನಂತೆ ಹದಿನಾಲ್ಕು ಮರದ ಕ್ಲಿಪ್ಪು. ಕೆಳಗೆ ಮಂಡಿಯೂರಿ ನಾಲಗೆ ಕಚ್ಚಿಕೊಂಡು ಅಂಚನ್ನು ಎಳೆದು ಹಿಡಿದ, ತಲೆತುಂಬ ಕಪ್ಪು ಕೂದಲಿನ ಮಾಸ್ತರ.

“ಮುಕ್ಕಾಲಿ ಅವರು ಹಳೇ ನೆಗೆಟಿವ್ ಎಲ್ಲ ಕೊಟ್ರು. ಮುಖಪುಟದಂಥವು ಸಾವಿರ ಇದಾವೆ ಮಾಸ್ಟ್ರೇ. ನನಗಿಷ್ಟ ಇದು.”

“ಫೋನಲ್ಲೇ ಹೇಳ್ಬಾರ್ದಿತ್ತಾ?”

“ಎಲ್ಲಿ ಬಿಟ್ರಿ? ಗೋಡೆ, ಗೋಡೆ ಅಂತಲೇ ಇದ್ರಿ. ಅಂಥದ್ದೇ ಕ್ಲಿಪ್ಪು ತಂದಿಟ್ಟಿದೀನಿ. ನೀವೇ ಹಾಕ್ಬೇಕು.”

ಮಾಸ್ತರ ಒಂದು ಉಸಿರು ಬಿಟ್ಟ. ಅಷ್ಟು ಗಾಳಿ ಇಪ್ಪತ್ತೆರಡು ವರ್ಷದಿಂದ ಅವನೊಳಗೆ ಎಲ್ಲಿತ್ತೋ! ಹಾಲ್ ನಡುವೆ ನಿಲ್ಲಿಸಿದ್ದ ಬೊಂಬೆಗೆ ಕೋಟು ತೊಡಿಸಿ ಅದರ ಬೆನ್ನಿಗೆ ಕೈ ಹಾಕಿದ. ಭುಜದ ಕೆಳಗೆ ಎರಡು, ನಡುವಿಗೆ ಒತ್ತೊತ್ತಾಗಿ ಆರು, ಮಿಕ್ಕವು ಕೆಳಕ್ಕೆ. ಬೆರಳುಗಳಿಗೆ ದಾರಿ ಹೇಳಿಕೊಡಬೇಕಾಗಲಿಲ್ಲ. ಕೊನೆಯದು ಕಚ್ಚಿಕೊಂಡಾಗ ಮುಂಭಾಗ ಮೈಮುರಿದು ಎದ್ದು ನಿಂತಿತು.

ಚಿತ್ರ ತೂಗುಹಾಕುತ್ತಿದ್ದವರು ಏಣಿ ಇಳಿದು ಬಂದರು. ಒಬ್ಬೊಬ್ಬರಾಗಿ ಕೋಟಿನ ಹಿಂದಕ್ಕೆ ಹೋದವರು ಅಲ್ಲೇ ನಿಂತರು. ಮುಂದೆ ಯಾರೂ ಇರಲಿಲ್ಲ. ಮಾಸ್ತರ ಆ ಖಾಲಿ ಜಾಗದಲ್ಲಿ ಒಂದು ಪೆಟ್ಟಿಗೆ ಎಳೆದುಕೊಂಡು ಕೂತು, ಚಪ್ಪಲಿ ಕಳಚಿ, ಎರಡೂ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿದ.