ದನಿ ಇಳಿಸಿ ನೋಡಿದ ವಿಡಿಯೊ

ಕಣ್ಣಾರೆ ಕಂಡದ್ದೂ ಸುಳ್ಳಾಗುತ್ತದೆಯೆ? ಶಾಲೆಯತ್ತ ನಡೆಯುತ್ತಿದ್ದ ದರ್ಜಿಯ ತಲೆಯಲ್ಲಿ ಇದೊಂದೇ ಮಾತು ಕೊರೆಯುತ್ತಿತ್ತು. ಮೊಬೈಲಿಗೆ ಬಂದ ವಿಡಿಯೊದಲ್ಲಿ ಓಣಿಯ ಗಾರೆ ಮೇಸ್ತ್ರಿ ಅಳುವ ಮಗುವನ್ನು ರಟ್ಟೆ ಹಿಡಿದು ಎಳೆದೊಯ್ದದ್ದು ಸುಳ್ಳೆ? ‘ಮಕ್ಕಳ ಕಳ್ಳ ಬಂದಿದ್ದಾನೆ, ಹುಷಾರು’ ಎಂದು ಅದರಲ್ಲೇ ಒಬ್ಬ ಹೇಳುತ್ತಿದ್ದನಲ್ಲ. ಗಿರಾಕಿಯೊಬ್ಬ ಕಳಿಸಿದ್ದನ್ನು ಓಣಿಯ ವಾಟ್ಸಾಪ್ ಗುಂಪಿಗೆ ದಾಟಿಸಿದವನು ದರ್ಜಿಯೇ. ನಾಲ್ಕು ಜನಕ್ಕೆ ಒಳ್ಳೆಯದಾಗಲಿ ಎಂದೇ ದಾಟಿಸಿದ್ದ.

ಅಂದು ಸಂಜೆಯೇ ಓಣಿಯವರು ಮೇಸ್ತ್ರಿಯ ಬಾಗಿಲಿಗೆ ಹೋದರು. ಮೇಸ್ತ್ರಿಯ ಮನೆಯವರು ಬೇರೆ ಭಾಷೆಯ ಜನ, ಬಂದು ವರ್ಷ ತುಂಬಿರಲಿಲ್ಲ. ಆತ ಏನೋ ಹೇಳುತ್ತಲೇ ಇದ್ದ, ಯಾರಿಗೂ ತಿಳಿಯಲಿಲ್ಲ. ಯಾರೋ ಕೈ ಮಾಡಿದರು. ಬೆಳಗಾಗುವಷ್ಟರಲ್ಲಿ ಆ ಮನೆಗೆ ಬೀಗ ಬಿದ್ದಿತ್ತು. ಶಾಲೆಯಲ್ಲಿ ದರ್ಜಿಯ ಮಗಳ ಪಕ್ಕದ ಜಾಗ ಖಾಲಿಯಾಯಿತು. ಅಲ್ಲಿ ಕೂರುತ್ತಿದ್ದವಳು ಮೇಸ್ತ್ರಿಯ ಮಗಳು. ಅಂದಿನಿಂದ ದರ್ಜಿಯ ಮಗಳು ಸರಿಯಾಗಿ ಊಟ ಮಾಡಿರಲಿಲ್ಲ.

ಈಗ ನೋಡಿದರೆ, ಕಣ್ಣಿಗೆ ಕಂಡದ್ದೂ ಸುಳ್ಳಿರಬಹುದು ಎಂದು ಶಾಲೆಯ ಟೀಚರಮ್ಮ ಮಕ್ಕಳಿಗೆ ವಿಡಿಯೊ ಪಾಠ ಮಾಡುತ್ತಾರಂತೆ. ಹೆತ್ತವರೂ ಬರಬೇಕಂತೆ.

“ಮೊಬೈಲ್ ನೋಡೋದನ್ನೂ ಶಾಲೇಲಿ ಕಲಿಸ್ಬೇಕಾ ಟೀಚರಮ್ಮ? ನಮ್ಮವಳು ತೊಟ್ಟಿಲಲ್ಲೇ ಕಲ್ತಿದ್ಲು,” ಎಂದ ದರ್ಜಿ.

“ನೋಡೋದು ಎಲ್ರಿಗೂ ಬರುತ್ತೆ ಅಣ್ಣ. ನಂಬೋಕೆ ಮುಂಚೆ ನಿಲ್ಲೋದು ಬರಲ್ಲ. ಬನ್ನಿ, ಕೂತ್ಕೊಳಿ.”

ದರ್ಜಿ ಮಕ್ಕಳ ಮಣೆಯ ಮೇಲೆ ಮೊಣಕಾಲು ಮಡಚಿ ಕುಳಿತ. ಆ ಒಂದೇ ಕೋಣೆಯಲ್ಲಿ ನಾಲ್ಕು ಮನೆಮಾತಿನ ಮಕ್ಕಳಿದ್ದರು. ಗೋಡೆಯ ಮೇಲೆ ಮೂಡಿದ್ದು ಅದೇ ವಿಡಿಯೊ.

“ಇದನ್ನ ನೀವೆಲ್ಲಾ ಮನೇಲಿ ನೋಡಿಬಿಟ್ಟಿದೀರಿ. ಅದಕ್ಕೇ ಇನ್ನೊಂದು ಸಲ ನೋಡೋಣ,” ಎಂದು ಟೀಚರಮ್ಮ ದನಿ ಪೂರ್ತಿ ಇಳಿಸಿದರು. “ಈಗ ಏನು ಕಾಣುತ್ತೆ?”

“ಕಳ್ಳ,” ಎಂದನೊಬ್ಬ.

“ಕಳ್ಳ ಅಂತ ಎಲ್ಲಿ ಬರ್ದಿದೆಯೋ?”

ಹುಡುಗ ತಲೆ ಕೆರೆದುಕೊಂಡ. ದರ್ಜಿಯ ಮಗಳು ಮೆಲ್ಲಗೆ ಎದ್ದಳು. “ಅಳ್ತಿರೋ ಪುಟ್ಟನ ಚಪ್ಪಲಿ ಮೇಸ್ತ್ರಿ ಮಾಮನ ಕೈಲಿದೆ ಟೀಚರ್. ಕಳ್ಳ ಆದ್ರೆ ಬಿದ್ದ ಚಪ್ಪಲಿ ಎತ್ಕೊಳ್ತಾನಾ?”

ಟೀಚರಮ್ಮ ಚಿತ್ರ ಮರೆಮಾಡಿ ದನಿಯನ್ನಷ್ಟೇ ಕೇಳಿಸಿದರು.

“ಮಗು ಅಳೋವಾಗ ಬಸ್ಸಿನ ಸದ್ದಿದೆ. ಹುಷಾರು ಅನ್ನೋವಾಗ ಇಲ್ಲ. ಆಮೇಲೆ ಯಾರೋ ಮನೇಲಿ ಕೂತು ಸೇರ್ಸಿದಾರೆ,” ಎಂದಳು ಬಲೂನು ಮಾರುವವನ ಮಗಳು. ಆಮೇಲೆ ತಡೆದು ತಡೆದು ಹೇಳಿದಳು: “ಪುಟ್ಟ ಮಾತಾಡ್ತಿರೋದು ನಮ್ಮನೆ ಭಾಷೆ. ‘ದೊಡ್ಡಪ್ಪ, ಇಂಜೆಕ್ಷನ್ ಬೇಡ, ಮನೆಗೆ ಹೋಗೋಣ’ ಅಂತಿದಾನೆ.”

ಟೀಚರಮ್ಮ ಅವಳ ಹತ್ತಿರ ಬಂದರು.

“ನಿನ್ನನ್ನ ಯಾರೂ ಕೇಳ್ಲಿಲ್ವಾ ಮರಿ?”

“ಯಾರೂ ಕೇಳ್ಲಿಲ್ಲ.”

ಬೇರೆಯವರು ಬಿಚ್ಚಿ ಹೊಲಿದ ಬಟ್ಟೆಯಲ್ಲಿ ಜೋಡಣೆ ಎಲ್ಲಿದೆ ಎಂದು ಬೆರಳಾಡಿಸಿಯೇ ಹೇಳುವವನು ದರ್ಜಿ. ವಿಡಿಯೊವನ್ನು ಎಷ್ಟೋ ಸಲ ನೋಡಿದ್ದ, ಜೋಡಣೆ ಹುಡುಕಿರಲಿಲ್ಲ. ತಮ್ಮನ ಮಗನನ್ನು ಇಂಜೆಕ್ಷನ್ ಹಾಕಿಸಲು ಕರೆದೊಯ್ದೆ ಎಂದೇ ಮೇಸ್ತ್ರಿ ಅಂದು ಬಾಗಿಲಲ್ಲಿ ಹೇಳುತ್ತಿದ್ದಿರಬೇಕು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. “ಹಾಗಾದ್ರೆ ಆ ಪಾಠಕ್ಕೆ ನಾನೂ ಬರ್ತೀನಿ,” ಎಂದಳು ಅವಳು. ಓಣಿಯ ಗುಂಪಿಗೆ ‘ಆ ವಿಡಿಯೊ ಸುಳ್ಳು’ ಎಂದು ಬರೆದ. ಹೆಚ್ಚು ಜನ ಉತ್ತರಿಸಲಿಲ್ಲ. ಗಾರೆ ಕೆಲಸ ನಡೆಯುವಲ್ಲೆಲ್ಲ ಹೋಗಿ ವಿಚಾರಿಸಿದ. ಮೇಸ್ತ್ರಿ ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮೊಬೈಲಿಗೂ ಇಂಥದ್ದು ಬರುತ್ತದೆ. ಕಳಿಸುವ ಮೊದಲು ದನಿಯಿಲ್ಲದೆ ಒಮ್ಮೆ ನೋಡಿ, ಚಿತ್ರವಿಲ್ಲದೆ ಒಮ್ಮೆ ಕೇಳಿ. ಭಾಷೆ ತಿಳಿಯದಿದ್ದರೆ ತಿಳಿದವರನ್ನು ಕೇಳಿ. ಅವರು ನಿಮ್ಮ ಮಗುವಿನ ಪಕ್ಕದಲ್ಲೇ ಕುಳಿತಿರಬಹುದು. ಶಾಲೆಯಲ್ಲಿ ಈ ಪಾಠ ಇದ್ದರೆ ಮಕ್ಕಳನ್ನು ಕಳಿಸಿ. ಇಲ್ಲದಿದ್ದರೆ ಬೇಕೆಂದು ಕೇಳಿ.

“ಅಪ್ಪ, ಅದನ್ನ ನಮ್ಮ ಓಣಿಗೆ ಕಳಿಸಿದ್ದು ಯಾರು?” ಎಂದು ಮಗಳು ಆಮೇಲೂ ಕೇಳುತ್ತಿದ್ದಳು. ತಾನೇ ಎಂದು ದರ್ಜಿ ಅವಳಿಗೆ ಎಂದೂ ಹೇಳಲಿಲ್ಲ.