ಅದ್ದು ಹಾಜಿಯ ನೇಟಿವ್ ಪೈನ್

ಮರದ ವಿಷಯದಲ್ಲಿ ಅದ್ದು ಹಾಜಿ 'ಗೊತ್ತಿಲ್ಲ' ಎಂದದ್ದನ್ನು ದುಬೈಯ ರಾಸ್ ಅಲ್ ಖೋರ್‌ನಲ್ಲಿ ಯಾರೂ ಕೇಳಿಲ್ಲ. ಮೂವತ್ತೈದು ವರ್ಷದಿಂದ ಅಲ್ಲಿ ಅವರ ಹಲಗೆ ಅಂಗಡಿ ಇದೆ. ಗಿರಾಕಿ ಕೇಳಿದ್ದು ಇಲ್ಲದಿದ್ದರೂ 'ಮಾಫಿ', ಅಂದರೆ 'ಇಲ್ಲ', ಎನ್ನುವ ಅರಬ್ಬಿ ಪದ ಅವರ ಬಾಯಿಂದ ಬರುವುದಿಲ್ಲ. ಇದ್ದದ್ದನ್ನೇ ಹೊಗಳಿ ಹೊಗಳಿ, ಕೊನೆಗೆ ಗಿರಾಕಿ ತಾನು ಹುಡುಕಿಕೊಂಡು ಬಂದದ್ದು ಇದನ್ನೇ ಎಂದು ನಂಬಿ ಹೊರಿಸಿಕೊಂಡು ಹೋಗುತ್ತಾನೆ. ಅದರಲ್ಲೂ ಪೈನ್ ಹಲಗೆ ಎಂದರೆ ಮುಗಿಯಿತು. ಕಣ್ಣು ಮುಚ್ಚಿ ಮೂಸಿ, ಹಸಿಯೋ ಒಣಗಿದ್ದೋ ಹೇಳುತ್ತಾರೆ. ಯಾವ ಗಂಟು ಗಟ್ಟಿ, ಯಾವುದು ಮೊಳೆ ಹೊಡೆದರೆ ಉದುರುತ್ತದೆ, ಬಿಸಿಲಿಗಿಟ್ಟರೆ ಎಲ್ಲಿಂದ ಅಂಟು ಒಸರುತ್ತದೆ, ಎಲ್ಲ ಬಾಯಿಪಾಠ. ಆದರೆ ಒಂದು ಗುಟ್ಟನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಅವರಾಗಿ ಹೇಳುವ ಪೈಕಿ ಅಲ್ಲ. ಮಲಗಿದ ಪೈನನ್ನು ಅಷ್ಟೊಂದು ಕಂಡ ಈ ಮನುಷ್ಯ ನಿಂತ ಪೈನ್ ಮರವನ್ನು ಜೀವಮಾನದಲ್ಲಿ ನೋಡಿರಲಿಲ್ಲ.

ಅವರ ಮೊಮ್ಮಗಳು ಅಸೀಲಾಗೆ ಒಂಬತ್ತು ವರ್ಷ. ಮಿರ್ದಿಫ್‌ನ ಮನೆಯಲ್ಲಿ ಬೆಳಗಾದರೆ ಅವಳ ಬಾಯಿ ನಿಲ್ಲುವುದಿಲ್ಲ, ಶಾಲೆಯ ಗೇಟು ದಾಟಿದರೆ ಬಾಯಿಗೆ ಬೀಗ. ಎರಡು ವರ್ಷದಿಂದ ರಿಪೋರ್ಟಿನಲ್ಲಿ ಅದೇ ದೂರು, ಹುಡುಗಿ ಜಾಣೆ, ಆದರೆ ಮಾತಾಡುವುದಿಲ್ಲ. ಈ ಸಲ ಟೀಚರು ಪ್ರತಿ ಮಗುವಿಗೂ ಒಂದೊಂದು ಮರ ಹಂಚಿದ್ದರು. ಮನೆಯ ಹಿರಿಯರೊಬ್ಬರನ್ನು ಕರೆತಂದು ಐದು ನಿಮಿಷ ಮಾತಾಡಬೇಕು. ಅಸೀಲಾಳ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: 'ನೇಟಿವ್ ಪೈನ್, ಅದರ ಗುಣಲಕ್ಷಣ ಮತ್ತು ಉಪಯೋಗ'. ಉಪ್ಪಾಪ, ಅಂದರೆ ಅಜ್ಜ, ಪಕ್ಕದಲ್ಲಿ ನಿಂತರೆ ಮಾತ್ರ ಬಾಯಿ ತೆರೆಯುತ್ತೇನೆ ಎಂದು ಅವಳು ಷರತ್ತು ಹಾಕಿದಳು.

"ಉಪ್ಪ, ಇದೊಂದು ಸಲ ಅವಳು ನಾಲ್ಕು ಮಾತಾಡಿದರೆ ಸಾಕು. ನೀವು ಅಂಗಡಿಯಲ್ಲಿ ಮಾತಾಡಿದ ಹಾಗೆ ಮಾತಾಡ್ಬೇಡಿ" ಎಂದ ಹಾಜಿಯ ಮಗ, ಅಸೀಲಾಳ ಅಪ್ಪ ಅನ್ಸಿಫ್.

ಅದ್ದು ಹಾಜಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಆಗಲೇ ಮರ ನಿಂತುಬಿಟ್ಟಿತ್ತು. ದುಬೈಯಲ್ಲಿ ನಮ್ಮ ಕಡೆಯವರು ಇಬ್ಬರು ಎದುರಾದರೆ ಮೊದಲ ಪ್ರಶ್ನೆ 'ನೇಟಿವ್ ಯಾವುದು?' ಅಂದರೆ ಊರು ಯಾವುದು ಎಂದು. ಅದ್ದು ಹಾಜಿಯ ನೇಟಿವ್ ಉಳ್ಳಾಲ. ಹಾಗಾಗಿ ನೇಟಿವ್ ಪೈನ್ ಎಂದರೆ ಉಳ್ಳಾಲದ ಪೈನ್. ಉಳ್ಳಾಲದ ಪೈನ್ ಎಂದರೆ ಇನ್ನೇನು, ಕಡಲ ಬದಿಯ ಗಾಳಿಮರ, ಘಟ್ಟದ ಮೇಲಿನವರ ಸರ್ವೆಮರ! ನೆಟ್ಟಗೆ ಬೆಳೆಯುತ್ತದೆ, ಸೂಜಿಯಂಥ ಎಲೆ, ಮುಳ್ಳುಮುಳ್ಳಾದ ಪುಟ್ಟ ಕಾಯಿ. ಇಂಗ್ಲಿಷ್ ಬಲ್ಲ ಯಾರೋ ಅದನ್ನು ಪೈನ್ ಎಂದು ಕರೆದದ್ದನ್ನು ಕೇಳಿದ ನೆನಪೂ ಇತ್ತು. ಖಲಾಸ್, ಅವರಿಗೆ ಅಷ್ಟು ಸಾಕಾಯಿತು.

ಹಿಂದಿನ ದಿನ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಮನೆ ಹತ್ತಿರದ ಪಾರ್ಕಿಗೆ ಹೋದರು. ಅದರ ಹಿಂಭಾಗದಲ್ಲಿ ಮರಳು ತಡೆಯಲು ನೆಟ್ಟ ಗಾಳಿಮರಗಳ ಸಾಲಿದೆ. ಕೆಳಗೆ ಬಿದ್ದ ಕಾಯಿ ಆರಿಸಿದರು, ಒಂದು ಹಿಡಿ ಎಲೆ ಕಿತ್ತರು. ಆಮೇಲೆ ಅರುವತ್ತಮೂರರ ಅಜ್ಜ ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಚಿಕ್ಕಂದಿನ ಆಟವೊಂದನ್ನು ಹೇಳಿಕೊಟ್ಟರು. ಗಾಳಿಮರದ ಎಲೆ ಸಣ್ಣ ಸಣ್ಣ ಕೀಲುಗಳನ್ನು ಜೋಡಿಸಿದಂತಿರುತ್ತದೆ. ಮೆಲ್ಲಗೆ ಎಳೆದರೆ ಒಂದು ಕೀಲು ಟಕ್ಕೆಂದು ಕಳಚುತ್ತದೆ, ಮತ್ತೆ ಸಿಕ್ಕಿಸಿದರೆ ಮೊದಲಿನ ಹಾಗೇ. ಎಲ್ಲಿ ಮುರಿದಿದೆ ಎಂದು ಎದುರಿನವರು ಹೇಳಬೇಕು. ಅಸೀಲಾ ಹತ್ತು ಸಲ ಸೋತಳು, ಅಜ್ಜ ಹತ್ತು ಸಲವೂ ಗೆದ್ದು ಬೀಗಿದರು. ಸಣ್ಣವರ ಎದುರು ಒಮ್ಮೆಯಾದರೂ ಸೋಲಬೇಕೆನ್ನುವ ಬುದ್ಧಿ ಆ ಮನುಷ್ಯನಿಗಿರಲಿಲ್ಲ.

ಮನೆಗೆ ಬಂದ ಮೇಲೆ ಅಸೀಲಾ ಟ್ಯಾಬ್ ಹಿಡಿದು ಕೂತವಳು ಊಟದ ಹೊತ್ತಿಗೆ ಮಂಕಾಗಿದ್ದಳು. ಹಾಜಿಯ ಹೆಂಡತಿ ಬೀಫಾತಿಮ ಮೊದಲು ಮಗುವಿನ ಮುಖ ನೋಡಿದರು, ಆಮೇಲೆ ಮೇಜಿನ ಮೇಲಿದ್ದ ಎಲೆ ನೋಡಿದರು.

"ಗಾಳಿಮರ ಪೈನ್ ಅಂತ ನಿಮಗೆ ಯಾರು ಹೇಳಿದ್ದು?"

"ಮರದ ವಿಷಯ ನನ್ನತ್ರ ಕೇಳ್ಬೇಡ" ಎಂದರು ಹಾಜಿ.

ಮರುದಿನ ಅಜ್ಜ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿ, ಚೀಲದಲ್ಲಿ ಗಾಳಿಮರದ ಸೊಪ್ಪು ಮತ್ತು ಅಂಗಡಿಯ ಒಂದು ಪೈನ್ ತುಂಡು ಇಟ್ಟುಕೊಂಡು ಶಾಲೆಗೆ ಹೊರಟರು. ಟೀಚರು ಹಿಮಾಚಲದವರು. ಅವರ ಮೇಜಿನ ಮೇಲೆ ಮರದಲ್ಲಿ ಕೆತ್ತಿದಂಥ ಒಂದು ದೊಡ್ಡ ಕಾಯಿಯೂ ಗೇಣುದ್ದದ ಹುಲ್ಲಿನಂಥದ್ದೊಂದು ಕಟ್ಟೂ ಇತ್ತು. ಪೊರಕೆಯಿರಬೇಕು ಎಂದುಕೊಂಡರು ಹಾಜಿ.

ಅಸೀಲಾಳ ಸರದಿ ಬಂತು. ಹುಡುಗಿ ಎದ್ದು ನಿಂತಳು, ಕಣ್ಣು ಶೂ ಮೇಲೆ. ಒಂದು ನಿಮಿಷ ಕಳೆದರೂ ಬಾಯಿ ತೆರೆಯಲಿಲ್ಲ. ಅಜ್ಜನಿಗೆ ತಡೆಯಲಾಗಲಿಲ್ಲ. ತಮ್ಮ ಅಂಗಡಿ ಹಿಂದಿಯಲ್ಲಿ ಶುರುಮಾಡಿಯೇಬಿಟ್ಟರು. ನೇಟಿವ್ ಉಳ್ಳಾಲ, ಮಂಗಳೂರಿನ ಹತ್ತಿರ, ಮರ ಇದು, ಕಡಲ ಗಾಳಿಗೆ ಸುಂಯ್ ಎನ್ನುತ್ತದೆ, ಉರುವಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಎಲೆ ಎಳೆದು, ಜೋಡಿಸಿ, ಎಲ್ಲಿ ಮುರಿದಿದೆ ಎಂದು ಮಕ್ಕಳನ್ನು ಕೇಳಿದರು. ಕ್ಲಾಸಿಗೆ ಕ್ಲಾಸೇ ಖುಷಿಯಾಯಿತು.

ಟೀಚರು ನಗುತ್ತಲೇ ಮೇಜಿನ ಮೇಲಿದ್ದ ಪೊರಕೆಯಿಂದ ಒಂದು ಸಣ್ಣ ಕುಚ್ಚು ತೆಗೆದು, ಇದು ತಮ್ಮ ಊರಿನ ಗುಡ್ಡದ ಪೈನ್, ಇದರಲ್ಲೂ ಆಡಿ ತೋರಿಸಿ ಎಂದು ಕೊಟ್ಟರು. ಹಾಜಿ ಎಳೆದರು. ಕಳಚಲಿಲ್ಲ. ಜೋರಾಗಿ ಎಳೆದರು, ಬಾಗಿತೇ ಹೊರತು ಕೀಲಿನ ಸುಳಿವೇ ಇಲ್ಲ. ಬುಡ ನೋಡಿದರೆ ಮೂರು ಸೂಜಿಗಳು ಒಂದೇ ಕಡೆ ಹುಟ್ಟಿವೆ. ಮೂಗಿನ ಹತ್ತಿರ ತಂದರು. ಮೂವತ್ತೈದು ವರ್ಷ ಮೂಸಿದ ಮೂಗು ಸುಳ್ಳು ಹೇಳುತ್ತದೆಯೇ? ತಮ್ಮ ಅಂಗಡಿಯ ವಾಸನೆ! ಹಾಜಿ ಇಂಗು ತಿಂದ ಮಂಗನಂತಾದರು.

ಬಾಯಲ್ಲಿ ಮಾತಿಗೆ ಬರವಿರಲಿಲ್ಲ. ಅದು ಬೆಟ್ಟದ ಪೈನ್, ಇದು ಕಡಲ ಪೈನ್ ಎಂದು ಹೇಳಿ ಪಾರಾಗುವುದು ಅವರಿಗೆ ಎಡಗೈಯ ಕೆಲಸ. ಆಗ ಅಸೀಲಾಳ ಕಡೆ ನೋಡಿದರು. ಹುಡುಗಿಯ ಕಿವಿ ಕೆಂಪಾಗಿತ್ತು, ತುಟಿ ಕಚ್ಚಿ ನಿಂತಿದ್ದಳು. ತಾನು ಬೊಗಳೆ ಬಿಟ್ಟು ಸಿಕ್ಕಿಬಿದ್ದರೆ ನಗೆಪಾಟಲಾಗುವವಳು ಇವಳು, ಈ ಕ್ಲಾಸಿನಲ್ಲಿ ಇನ್ನು ಎಂದೂ ಬಾಯಿ ತೆರೆಯುವುದಿಲ್ಲ. ಅಷ್ಟು ಹೊಳೆದದ್ದೇ ಅವರು ಟೀಚರ ಕಡೆ ತಿರುಗಿದರು.

"ನನಗೆ ಗೊತ್ತಿಲ್ಲ ಟೀಚರ್. ನಾನು ಪೈನ್ ಮರ ನೋಡಿಯೇ ಇಲ್ಲ. ಹಲಗೆ ಮಾತ್ರ ನೋಡಿದ್ದು."

ಪಕ್ಕದಿಂದ ಒಂದು ಸಣ್ಣ ದನಿ ಬಂತು.

"ಐ ನೋ" ಎಂದಳು ಅಸೀಲಾ.

ಅಜ್ಜನ ಕೈಯಿಂದ ಸೂಜಿಗಳನ್ನು ತೆಗೆದುಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದಳು. ಇದು ಹಿಮಾಲಯದ ತಪ್ಪಲಿನ ಚೀಡ್ ಪೈನ್, ತಾನಾಗಿ ಅಲ್ಲೇ ಹುಟ್ಟಿ ಬೆಳೆಯುವುದರಿಂದ ನೇಟಿವ್. ಮೂರು ಮೂರು ಸೂಜಿಗಳ ಗೊಂಚಲು. ತೊಗಟೆ ದಪ್ಪ, ಸಣ್ಣಪುಟ್ಟ ಕಾಡುಬೆಂಕಿ ಬಂದು ಹೋದರೂ ದೊಡ್ಡ ಮರ ಉಳಿದುಕೊಳ್ಳುತ್ತದೆ. ಉದುರಿದ ಸೂಜಿಗಳನ್ನು ದನದ ಹಟ್ಟಿಯಲ್ಲಿ ಹಾಸುತ್ತಾರೆ. ಕಾಂಡ ಕೆತ್ತಿ ಅಂಟು ಇಳಿಸುತ್ತಾರೆ, ಅದನ್ನು ಬಟ್ಟಿಯಿಳಿಸಿದರೆ ಟರ್ಪೆಂಟೈನ್. ಹಾಜಿ ಬೆಚ್ಚಿದರು. ಪೇಂಟಿನ ಡಬ್ಬಿಗಳ ಪಕ್ಕದಲ್ಲಿಟ್ಟು ಇಷ್ಟು ವರ್ಷ ಮಾರಿದ್ದು ಪೈನ್ ಮರದ ಅಂಟಿನ ಎಣ್ಣೆಯೇ! ಅವಳು ಗಾಳಿಮರವನ್ನೂ ಬಿಡಲಿಲ್ಲ. ಅದು ಪೈನ್ ಅಲ್ಲ, ಉಳ್ಳಾಲದ್ದೂ ಅಲ್ಲ, ಆಸ್ಟ್ರೇಲಿಯಾ ಕಡೆಯಿಂದ ಬಂದದ್ದು ಎಂದಳು.

ಆಮೇಲೆ ಚೀಲದಿಂದ ಹಲಗೆ ತುಂಡು ತೆಗೆದು, ಟೀಚರ ಕಾಯಿಯ ಜೊತೆ ಮಕ್ಕಳಿಗೆ ಕೊಟ್ಟಳು. ಎರಡನ್ನೂ ಮೂಸಿ ನೋಡಿ, ಒಂದೇ ವಾಸನೆ. ಹಲಗೆಯ ಈ ಕಂದು ಗಂಟು ಇದೆಯಲ್ಲ, ಹಿಂದೆ ಇಲ್ಲಿ ಕೊಂಬೆ ಇತ್ತು. ಸುತ್ತ ಕಪ್ಪು ಉಂಗುರವಿದ್ದರೆ ಮೊಳೆ ಹೊಡೆಯಬೇಡಿ, ಉದುರುತ್ತದೆ. ಇದು ಟ್ಯಾಬಿನಲ್ಲಿ ಇಲ್ಲ, ನನ್ನ ಉಪ್ಪಾಪ ಹೇಳಿಕೊಟ್ಟದ್ದು ಎಂದಳು. ಐದು ನಿಮಿಷ ಹೋಗಿ ಹನ್ನೆರಡು ನಿಮಿಷವಾಯಿತು. ಟೀಚರು ಗಡಿಯಾರ ನೋಡಲಿಲ್ಲ.

ವಾಪಸು ಬರುವಾಗ ಸಿಗ್ನಲಿನಲ್ಲಿ ಕಾರು ನಿಂತಾಗ ಹಾಜಿ ಮೆಲ್ಲಗೆ ಕೇಳಿದರು, ಎಲ್ಲ ಗೊತ್ತಿತ್ತಲ್ಲ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು.

"ನೀವು ಅಷ್ಟು ಹ್ಯಾಪಿ ಆಗಿದ್ರಿ ಉಪ್ಪಾಪ."

"ಮತ್ತೆ ಇವತ್ತು ಹೇಗೆ ಧೈರ್ಯ ಬಂತು?"

"ನೀವು ಗೊತ್ತಿಲ್ಲ ಅಂದ್ರಿ ಅಲ್ವಾ? ಯಾರೂ ನಗಲಿಲ್ಲ. ಆಗ ನನ್ನ ಹೆದರಿಕೆ ಹೋಯ್ತು."

ಅದ್ದು ಹಾಜಿ ಕಿಟಕಿಯಾಚೆ ನೋಡುತ್ತ, ಹಸಿರಾಗದ ಸಿಗ್ನಲನ್ನು ಸುಮ್ಮನೆ ಬೈದರು. ಅಸೀಲಾ ಚೀಲಕ್ಕೆ ಕೈಹಾಕಿ, ಉಳಿದಿದ್ದ ಒಂದೇ ಒಂದು ಗಾಳಿಮರದ ಎಲೆ ತೆಗೆದು, ಬೆನ್ನು ತಿರುಗಿಸಿ ಏನೋ ಮಾಡಿ, ಅವರ ಮೂಗಿನ ಮುಂದೆ ಹಿಡಿದಳು. ಎಲ್ಲಿ ಮುರಿದಿದೆ ಹೇಳಿ ಎಂದಳು.

ಮೂರನೆಯ ಕೀಲು. ಸರಿಯಾಗಿ ಕೂತೇ ಇರಲಿಲ್ಲ, ಕುರುಡನಿಗೂ ಕಾಣುವಂತಿತ್ತು. ಹಾಜಿ ಕನ್ನಡಕ ಏರಿಸಿ, ಇಳಿಸಿ, ಎಲೆಯನ್ನು ತುಂಬ ಹೊತ್ತು ನೋಡಿದರು.

"ಗೊತ್ತಿಲ್ಲ" ಎಂದರು.